ಒಟಿಪಿ ಹೋಗುತ್ತಿದ್ದದ್ದು ಬೇರೆಯವರ ಫೋನಿಗೆ

ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕ ಮೇಲೆ ದುಡ್ಡಿಗೆ ಓಡಾಡುವುದು ಬೇಡ, ಶಿಕ್ಷಣ ಸಾಲದ ವಿಚಾರ ಮೊದಲೇ ಕೇಳಿಟ್ಟುಕೊಳ್ಳೋಣ ಎಂದು 2025ರ ಜೂನ್ 18ರಂದು ನಾನೂ ನಮ್ಮನೆಯವರೂ ಬ್ಯಾಂಕಿಗೆ ಹೋದೆವು. ಇಪ್ಪತ್ತು ವರ್ಷದಿಂದ ನನ್ನ ಸಂಬಳ ಬರುವ ಬ್ಯಾಂಕು ಅದು. ನಾನು ತಿಪಟೂರಿನಲ್ಲಿ ಶಾಲಾ ಟೀಚರ್. ಅವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗಳ ಜೊತೆ ಅರ್ಜಿಗೆ ನನ್ನ ಹೆಸರು ಕೊಟ್ಟೆವು. ಸಾಲದ ವಿಭಾಗದ ಹುಡುಗ ನನ್ನ ಪ್ಯಾನ್ ನಂಬರ್ ಹಾಕಿ ಕಂಪ್ಯೂಟರ್ ನೋಡಿದ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ದನಿ ತಗ್ಗಿಸಿ, "ಮೇಡಂ, ಹಳೇ ಸಾಲ ಏನಾದ್ರೂ ಕಟ್ಟದೆ ಉಳಿಸ್ಕೊಂಡಿದೀರಾ?" ಎಂದು ಕೇಳಿದ.

ನಾನು ಮಾಡಿದ್ದು ಎರಡೇ ಸಾಲ. ಮನೆ ರಿಪೇರಿಗೆ ಒಂದು, ಸ್ಕೂಟಿಗೆ ಒಂದು. ಎರಡೂ ತೀರಿ ಎಷ್ಟೋ ವರ್ಷವಾಗಿದೆ. ಅವನು ಸ್ಕ್ರೀನ್ ನನ್ನ ಕಡೆ ತಿರುಗಿಸಲಿಲ್ಲ. "ಸಿಬಿಲ್ ಸರಿ ಇಲ್ಲ ಮೇಡಂ, 581 ಬರ್ತಿದೆ. ಮೊದ್ಲು ಅದನ್ನ ಸರಿ ಮಾಡಿಸ್ಕೊಂಡು ಬನ್ನಿ" ಎಂದ. ಸಾಲ ಸರಿಯಾಗಿ ಕಟ್ಟಿದ್ದೇವಾ ಎಂದು ತೋರಿಸುವ ಈ ಸ್ಕೋರು 300ರಿಂದ 900ರವರೆಗೆ ಇರುತ್ತದೆ, 581 ಅಂದರೆ ಸಾಲ ಸಿಗುವುದು ಕಷ್ಟ ಎಂದು ನನಗೆ ಗೊತ್ತಾದದ್ದು ಆವತ್ತೇ.

ದಾರಿಯುದ್ದಕ್ಕೂ ನಮ್ಮನೆಯವರು ಸುಮ್ಮನಿದ್ದರು. ರಾತ್ರಿ ಊಟ ಆದ ಮೇಲೆ ಕೇಳಿದರು: "ನಿನ್ ತಮ್ಮಂಗೆ ಅಂತ ಏನಾದ್ರೂ ಸೈನ್ ಹಾಕಿದ್ಯಾ?" ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನನ್ನು ಅವರು ಅನುಮಾನದಿಂದ ನೋಡಿದ್ದು ಅದೇ ಮೊದಲು. ಈ ಕತೆಯಲ್ಲಿ ದುಡ್ಡಿನ ಲೆಕ್ಕ ಆಮೇಲೆ ಬರುತ್ತದೆ. ಆದರೆ ಹೆಚ್ಚು ನೋವಾದದ್ದು ಆ ಒಂದು ಪ್ರಶ್ನೆಯಿಂದ. ಯಾರೋ ಗೊತ್ತಿಲ್ಲದವರು ನಮ್ಮ ಹೆಸರು ಬಳಸಿಕೊಂಡರೆ, ಮೊದಲ ಪೆಟ್ಟು ಬೀಳುವುದು ಮನೆಯೊಳಗೆ.

ಇಲ್ಲೇ ಒಂದು ಮಾತು. ಸಾಲಕ್ಕೆ ಅರ್ಜಿ ಹಾಕಿದವರು ತಮ್ಮ ಬಗ್ಗೆ ಬ್ಯಾಂಕು ತರಿಸಿಕೊಂಡ ಕ್ರೆಡಿಟ್ ವರದಿಯ ಪ್ರತಿಯನ್ನು ಕೇಳಬಹುದು. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ 21ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ನನಗೆ ಆಗ ಗೊತ್ತಿರಲಿಲ್ಲ, ಹಾಗಾಗಿ ಕೇಳಲಿಲ್ಲ. ನೀವು ಕೇಳಿ. ಒಂದು ಅರ್ಜಿ ಬರೆದು ಕೊಟ್ಟು, ಸೀಲ್ ಹಾಕಿಸಿಕೊಂಡು ಬನ್ನಿ.

ಈ ವರದಿ ಕೊಡುವ, ನಮ್ಮ ಸಾಲದ ಜಾತಕ ಇಟ್ಟುಕೊಳ್ಳುವ ಕ್ರೆಡಿಟ್ ಮಾಹಿತಿ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾವು ಎಲ್ಲಕ್ಕೂ ಸಿಬಿಲ್ ಎಂದೇ ಹೇಳುತ್ತೇವೆ, ಆದರೆ ನಾಲ್ಕೂ ಬೇರೆ ಬೇರೆ. ಒಂದರಲ್ಲಿ ತಪ್ಪು ಸರಿಯಾದರೆ ಇನ್ನೊಂದರಲ್ಲೂ ಸರಿಯಾಗುತ್ತದೆ ಎಂದೇನಿಲ್ಲ. ಪ್ರತಿಯೊಂದೂ ವರ್ಷಕ್ಕೆ ಒಂದು ಸಲ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ಆದೇಶ ಇದೆ. ಆದರೆ ವೆಬ್‌ಸೈಟಿಗೆ ಹೋದರೆ ಕಣ್ಣಿಗೆ ಬೀಳುವುದು ದುಡ್ಡಿನ ಪ್ಯಾಕ್. ನಾನು ಗಾಬರಿಯಲ್ಲಿ ಒಂದು ಕಡೆ ಐನೂರು ಚಿಲ್ಲರೆ ಕಟ್ಟಿಬಿಟ್ಟೆ. ಪುಕ್ಕಟೆಯ ಲಿಂಕ್ ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ನೀವು ನಿಧಾನವಾಗಿ ಹುಡುಕಿ.

ಬೆಂಗಳೂರಿನಲ್ಲಿರುವ ತಮ್ಮ ಫೋನಿನಲ್ಲಿ ಜೊತೆಗಿದ್ದ. ರಾತ್ರಿ ಹನ್ನೊಂದರ ಹೊತ್ತಿಗೆ ಎರಡು ವರದಿ ತೆರೆದುಕೊಂಡವು. ಎರಡರಲ್ಲೂ ಆ ಸಾಲ ಇತ್ತು. 2023ರ ನವೆಂಬರ್‌ನಲ್ಲಿ ಕೊಟ್ಟದ್ದು, ₹18,000. ಒಂದು ಕಂತೂ ಕಟ್ಟಿಲ್ಲ. ಬಡ್ಡಿ, ದಂಡ ಸೇರಿ ₹41,260 ಬಾಕಿ. ತಿಂಗಳ ಲೆಕ್ಕದ ಚೌಕಗಳಲ್ಲಿ ಕಂತು ತಡವಾದ ದಿನಗಳು 30, 60, 90 ಎಂದು ಏರುತ್ತಾ ಹೋಗಿ, ಕೊನೆಗೆ ವಸೂಲಾಗದ ಸಾಲ ಎಂದು ಬರೆದಿದ್ದರು. ಸಾಲ ಕೊಟ್ಟದ್ದು ಒಂದು ಹಣಕಾಸು ಕಂಪನಿ. ಅದರ ಹೆಸರನ್ನೇ ನಾನು ಕೇಳಿರಲಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಸಾಲ ತೆಗೆದರೂ ವರದಿಯಲ್ಲಿ ಆ್ಯಪ್‌ನ ಹೆಸರು ಬರುವುದಿಲ್ಲ, ಹಿಂದೆ ದುಡ್ಡು ಹಾಕಿದ ಕಂಪನಿಯ ಹೆಸರು ಬರುತ್ತದೆ. ಅದಕ್ಕೇ ಎಷ್ಟೋ ಜನರಿಗೆ ಗುರುತೇ ಸಿಗುವುದಿಲ್ಲ.

ನಾನು ಸಾಲದ ಪುಟವನ್ನೇ ನೋಡುತ್ತಾ ಕೂತಿದ್ದೆ. ತಮ್ಮ ಮೊದಲ ಪುಟಕ್ಕೆ ಹೋಗು ಎಂದ. ಅಲ್ಲಿ ನನ್ನ ಹೆಸರು, ಹುಟ್ಟಿದ ದಿನ, ಪ್ಯಾನ್ ಎಲ್ಲ ಸರಿಯಾಗಿತ್ತು. ಕೆಳಗೆ ವಿಳಾಸ ಎರಡು, ಫೋನ್ ನಂಬರ್ ಎರಡು. ಒಂದು ನಂಬರ್ ನನ್ನದು. ಇನ್ನೊಂದು ಯಾರದ್ದೋ. ವಿಳಾಸವೂ ನಾನು ಕಾಲಿಡದ ಬೇರೆ ರಾಜ್ಯದ್ದು. ಒಂದೂವರೆ ವರ್ಷ ನನಗೊಂದು ವಸೂಲಿ ಫೋನೂ ಬರಲಿಲ್ಲ ಯಾಕೆ ಎಂದು ಆಗ ಗೊತ್ತಾಯಿತು. ಎಲ್ಲ ಫೋನೂ ಎಲ್ಲ ಮೆಸೇಜೂ ಆ ನಂಬರಿಗೆ ಹೋಗಿವೆ. ನಮ್ಮ ವರದಿಯನ್ನು ಯಾವುದಾದರೂ ಬ್ಯಾಂಕು ತೆಗೆದು ನೋಡಿದರೆ ನಮಗೆ ಮೆಸೇಜ್ ಬರಬೇಕು ಎಂದು 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಒಳ್ಳೆಯ ನಿಯಮವೇ. ಆದರೆ ಆ ಮೆಸೇಜ್ ಹೋಗುವುದು ಅವರ ಹತ್ತಿರ ಇರುವ ನಂಬರಿಗೆ ಅಲ್ವಾ? ಹಾಗಾಗಿ ಸ್ಕೋರ್ ನೋಡುವ ಮೊದಲು ನಾಲ್ಕೂ ಕಡೆ ನಿಮ್ಮ ನಂಬರ್, ಇಮೇಲ್, ವಿಳಾಸ ನೋಡಿ. ಇಷ್ಟು ಮಾಡಿದ್ದರೆ ನನ್ನ ಆರು ತಿಂಗಳು ಉಳಿಯುತ್ತಿತ್ತು.

ಜೂನ್ 20ರಂದು ಎರಡೂ ಕಡೆ ಆನ್‌ಲೈನ್‌ನಲ್ಲಿ ತಕರಾರು ಹಾಕಿದೆ. ಅದಕ್ಕೆ ದುಡ್ಡಿಲ್ಲ. "ಈ ಖಾತೆ ನನ್ನದಲ್ಲ" ಎಂಬುದಕ್ಕೇ ಒಂದು ಆಯ್ಕೆ ಇರುತ್ತದೆ, ಅದನ್ನೇ ಒತ್ತಬೇಕು. ಮೊತ್ತ ತಪ್ಪಾಗಿದೆ ಎಂದು ಹಾಕಿದರೆ ಸಾಲ ನನ್ನದೇ, ಲೆಕ್ಕ ಮಾತ್ರ ತಪ್ಪು ಎಂಬ ಅರ್ಥ ಬರುತ್ತದೆ.

ಇಪ್ಪತ್ತೈದು ದಿನ ಕಾದೆ. ಶಾಲೆ ಶುರುವಾಗಿತ್ತು. ಪಾಠದ ನಡುವೆ ಫೋನ್ ನೋಡುವ ಅಭ್ಯಾಸ ನನಗಿರಲಿಲ್ಲ, ಆಗ ಬಂತು. ಜುಲೈ 15ಕ್ಕೆ ಎರಡು ಸಾಲಿನ ಇಮೇಲ್ ಬಂತು. ಸಾಲ ಕೊಟ್ಟ ಸಂಸ್ಥೆ ಮಾಹಿತಿ ಸರಿ ಇದೆ ಎಂದು ದೃಢಪಡಿಸಿದೆ, ಆದ್ದರಿಂದ ಬದಲಾವಣೆ ಇಲ್ಲ ಎಂದು. ಅದನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಮುಂದಿನ ಪೀರಿಯಡ್ ಏಳನೇ ತರಗತಿಗೆ ಹೇಗೆ ಪಾಠ ಮಾಡಿದೆನೋ ನೆನಪಿಲ್ಲ.

ಆಮೇಲೆ ತಿಳಿದದ್ದು ಇದು. ಕ್ರೆಡಿಟ್ ಮಾಹಿತಿ ಕಂಪನಿ ತಾನಾಗಿಯೇ ಏನನ್ನೂ ಅಳಿಸುವಂತಿಲ್ಲ. ಸಾಲ ಕೊಟ್ಟವರು ಹೌದು, ತಪ್ಪಾಗಿದೆ ಎಂದು ದೃಢೀಕರಿಸಿದ ಮೇಲೆಯೇ ತಿದ್ದಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಅಂದರೆ ನಿಜವಾಗಿ ಹಿಡಿಯಬೇಕಾದ್ದು ಸಾಲ ಕೊಟ್ಟವರನ್ನು.

ಸರಿ, ಆ ಹಣಕಾಸು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಹೆಸರು ಹೇಳಿದೆ, ಪ್ಯಾನ್ ಹೇಳಿದೆ, ಹುಟ್ಟಿದ ದಿನ ಹೇಳಿದೆ. ಆ ಕಡೆಯ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. "ಖಾತೆ ವಿವರ ಹೇಳೋಕೆ ನಿಮ್ಮ ನೋಂದಾಯಿತ ಮೊಬೈಲಿಗೆ ಒಟಿಪಿ ಕಳಿಸ್ತೀನಿ ಮೇಡಂ, ಹೇಳಿ."

"ಅಮ್ಮಾ, ಆ ನಂಬರ್ ನಂದಲ್ಲ. ಅದನ್ನ ಹೇಳೋಕೇ ನಾನು ಫೋನ್ ಮಾಡಿರೋದು."

"ಒಟಿಪಿ ಇಲ್ದೆ ಗ್ರಾಹಕರ ವೈಯಕ್ತಿಕ ಮಾಹಿತಿ ಕೊಡೋಕಾಗಲ್ಲ ಮೇಡಂ. ನಿಮ್ಮ ಮಾಹಿತಿಯ ಸುರಕ್ಷತೆಗೇ ಈ ನಿಯಮ."

ನಾಲ್ಕು ದಿನ, ಐದು ಫೋನ್. ಪ್ರತಿ ಸಲವೂ ಇದೇ ಮಾತು. ನನ್ನ ಹೆಸರು, ನನ್ನ ಪ್ಯಾನ್, ನನ್ನ ತಲೆ ಮೇಲೆ ಸಾಲ. ಬೀಗದ ಕೈ ಮಾತ್ರ ಯಾರದ್ದೋ ಜೇಬಿನಲ್ಲಿ. ಖಾಸಗಿತನ ಕಾಪಾಡುವ ನಿಯಮ ಆ ಹೊತ್ತಿಗೆ ಕಾಪಾಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಹೆಸರಿನಲ್ಲಿ ಸಾಲ ತೆಗೆದವರನ್ನು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಬರೆದುಕೊಟ್ಟದ್ದನ್ನು ಅವಳು ಓದುತ್ತಿದ್ದಳು. ಆದರೆ ಗುರುತು ಕಳವಾದವರು ಫೋನ್ ಮಾಡಿದರೆ ಏನು ಮಾಡಬೇಕು ಎಂದು ಆ ಕಾಗದದಲ್ಲಿ ಯಾರೂ ಬರೆದೇ ಇರಲಿಲ್ಲ. ಅದು ತಪ್ಪು, ದೊಡ್ಡ ತಪ್ಪು.

ಈ ಹಂತದಲ್ಲಿ ಎರಡು ಆಮಿಷ ಬಂದವು. ಒಂದು, ಪರಿಚಯದವರ ಮೂಲಕ ಒಬ್ಬ ಏಜೆಂಟ್: "ಸಿಬಿಲ್ ಕ್ಲಿಯರ್ ಮಾಡಿಸ್ಕೊಡ್ತೀನಿ, ಎಂಟು ಸಾವಿರ." ಅಂಥವರ ಕೈಯಲ್ಲಿ ಮಂತ್ರದಂಡ ಏನೂ ಇಲ್ಲ. ನಾವೇ ಪುಕ್ಕಟೆ ಹಾಕಬಹುದಾದ ಅರ್ಜಿಯನ್ನು ಅವರು ಹಾಕುತ್ತಾರೆ, ಅಷ್ಟೇ. ಮೇಲಿಂದ ಪ್ಯಾನ್, ಆಧಾರ್ ಮತ್ತೊಬ್ಬರ ಕೈ ಸೇರುತ್ತದೆ. ಎರಡನೆಯದು ಕಂಪನಿಯ ವಸೂಲಿ ವಿಭಾಗದಿಂದಲೇ. ಹನ್ನೆರಡು ಸಾವಿರ ಕಟ್ಟಿಬಿಡಿ, ಮುಗಿಸೋಣ ಎಂದರು. ಮಗಳ ಸೀಟಿನ ಚಿಂತೆಯಲ್ಲಿ ನಮ್ಮನೆಯವರು ಒಪ್ಪಿಯೇ ಬಿಟ್ಟಿದ್ದರು. ತಮ್ಮ ತಡೆದ. "ಅಕ್ಕಾ, ಕಟ್ಬೇಡ. ಕಟ್ಟಿದ್ರೆ ನೀನೇ ತಗೊಂಡಿದ್ದೆ ಅಂತಾಗತ್ತೆ." ಅವನು ಹೇಳಿದ್ದು ಸರಿ. ಹಾಗೆ ಕಟ್ಟಿದರೆ ಸಾಲ ಅಳಿಸಿ ಹೋಗುವುದಿಲ್ಲ, ಪೂರ್ತಿ ಕಟ್ಟದೆ ಕಡಿಮೆಗೆ ಇತ್ಯರ್ಥ ಮಾಡಿಕೊಂಡವರು ಎಂಬ ಗುರುತು ವರದಿಯಲ್ಲಿ ಉಳಿಯುತ್ತದೆ.

ಪೊಲೀಸ್ ದೂರಿಲ್ಲದೆ ಮುಂದೆ ಹೋಗುವಂತಿರಲಿಲ್ಲ. ಹತ್ತಿರದ ಠಾಣೆಯಲ್ಲಿ ಎರಡು ಗಂಟೆ ಕೂರಿಸಿ, ಇದು ಸೈಬರ್ ಕೇಸು, ಜಿಲ್ಲಾ ಕೇಂದ್ರದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ ಎಂದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯವರು ತನಿಖೆ ಮಾಡುವಂತಿಲ್ಲ ಎಂಬ ನಿಯಮವಿದೆ, ಅದೂ ಒಂದು ಕಾರಣ ಇರಬಹುದು. ನಾನು ಮೊದಲು ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ, ಅದರ ನಂಬರ್ ಬರೆದುಕೊಂಡು ಶನಿವಾರ ಹೋದೆ. ನಂಬರ್ ಇದ್ದದ್ದಕ್ಕೆ ಕೆಲಸ ಬೇಗ ಆಯಿತು. ಬೇರೆಯವರ ಗುರುತನ್ನು ಮೋಸದಿಂದ ಬಳಸುವುದು ಆ ಕಾಯ್ದೆಯ 66ಸಿ ಕಲಂ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಅಲ್ಲಿನ ಮಹಿಳಾ ಸಿಬ್ಬಂದಿಯೊಬ್ಬರು ನನ್ನ ದೂರು ಓದಿ, "ಟೀಚರ್, ತಾರೀಖು ಹಾಕಿ ಒಂದೊಂದೇ ಸಾಲಲ್ಲಿ ಬರೀರಿ, ಕತೆ ಥರ ಬೇಡ" ಎಂದರು. ಆ ಸಲಹೆ ಮುಂದೆ ಎಲ್ಲ ಕಡೆ ಉಪಯೋಗಕ್ಕೆ ಬಂತು.

ಆಮೇಲೆ ಅಫಿಡವಿಟ್. ಕೋರ್ಟ್ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ₹100ರ ಇ-ಸ್ಟ್ಯಾಂಪ್ ತೆಗೆಸಿದೆ. ಟೈಪಿಂಗ್ ₹80, ನೋಟರಿ ₹150. "ಈ ಸಾಲವನ್ನು ನಾನು ಪಡೆದಿಲ್ಲ, ಈ ಮೊಬೈಲ್ ನಂಬರ್ ನನ್ನದಲ್ಲ, ಈ ವಿಳಾಸದಲ್ಲಿ ನಾನು ಎಂದೂ ವಾಸವಿಲ್ಲ" ಎಂಬ ಮೂರು ವಾಕ್ಯ. ಟೈಪಿಸ್ಟ್ ತಾತ ಓದಿ ಹೇಳಿ ಸರಿ ಇದೆಯಾ ಎಂದು ಕೇಳಿದಾಗ ಕಣ್ಣು ತುಂಬಿತು. ಇದನ್ನೆಲ್ಲ ಪ್ರಮಾಣ ಮಾಡಿ ಹೇಳಬೇಕಾಗಿ ಬಂದದ್ದು ನಾನು, ಸಾಲ ಕೊಟ್ಟವರಲ್ಲ.

ಜುಲೈ 21, ಸೋಮವಾರ. ಆ ದಿನವನ್ನು ನೆನಪಿಡಿ, ಮುಂದಿನ ಲೆಕ್ಕಕ್ಕೆಲ್ಲ ಅದೇ ಆಧಾರ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿದೆ, ಸ್ಪೀಡ್ ಪೋಸ್ಟೂ ಹಾಕಿದೆ. ಎರಡೂ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಅದರ ಪ್ರತಿ. ಆ ಅಧಿಕಾರಿಯ ಹೆಸರು, ಇಮೇಲ್ ವೆಬ್‌ಸೈಟಿನಲ್ಲಿ ಇರಲೇಬೇಕು. ಮಾಹಿತಿ ಸುರಕ್ಷತೆಯ 2011ರ ನಿಯಮಗಳು ಹಾಗೆ ಹೇಳುತ್ತವೆ. ಒಂದು ತಿಂಗಳೊಳಗೆ ದೂರು ಬಗೆಹರಿಸಬೇಕು ಎಂದೂ ಅದರಲ್ಲಿದೆ. ಸಹಾಯವಾಣಿಗೆ ಹತ್ತು ಸಲ ಫೋನ್ ಮಾಡುವುದಕ್ಕಿಂತ ಈ ಒಂದು ಪತ್ರಕ್ಕೆ ತೂಕ ಜಾಸ್ತಿ. ಅಲ್ಲಿ ಒಟಿಪಿ ಕೇಳುವವರು ಇಲ್ಲ.

ಪತ್ರದಲ್ಲಿ ನಾನು "ದಯವಿಟ್ಟು ಅಳಿಸಿ" ಎಂದಷ್ಟೇ ಬರೆಯಲಿಲ್ಲ. ನಾಲ್ಕು ವಸ್ತು ಕೇಳಿದೆ. ಸಾಲದ ಅರ್ಜಿ, ಸಾಲದ ಕರಾರು, ಕೆವೈಸಿಗೆ, ಅಂದರೆ ಗುರುತು ಖಚಿತಪಡಿಸಲು ಕೊಟ್ಟ ದಾಖಲೆಗಳು, ಮತ್ತು ದುಡ್ಡು ಯಾವ ಬ್ಯಾಂಕ್ ಖಾತೆಗೆ ಹೋಯಿತು, ಆ ಖಾತೆ ಯಾರ ಹೆಸರಿನಲ್ಲಿದೆ. ಈ ಕೊನೆಯ ಪ್ರಶ್ನೆಯೇ ಮುಖ್ಯ. ಡಿಜಿಟಲ್ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ತಂದ ನಿಯಮದ ಪ್ರಕಾರ, ದುಡ್ಡು ಸಾಲಗಾರರ ಸ್ವಂತ ಬ್ಯಾಂಕ್ ಖಾತೆಗೇ ನೇರ ಹೋಗಬೇಕು. ಕೆಲವು ವಿಶೇಷ ಸಂದರ್ಭ ಬಿಟ್ಟರೆ ಬೇರೆ ಯಾರ ಖಾತೆಗೂ ಹಾಕುವಂತಿಲ್ಲ. ನನಗೆ ಇರುವುದು ಎರಡೇ ಖಾತೆ. ಎರಡರದ್ದೂ 2023ರ ನವೆಂಬರ್, ಡಿಸೆಂಬರ್ ಸ್ಟೇಟ್‌ಮೆಂಟ್ ಲಗತ್ತಿಸಿದೆ. ಹದಿನೆಂಟು ಸಾವಿರ ಎಲ್ಲೂ ಬಂದಿರಲಿಲ್ಲ.

ಉತ್ತರ ಬರಲಿಲ್ಲ. "ನಿಮ್ಮ ದೂರನ್ನು ಸ್ವೀಕರಿಸಿದ್ದೇವೆ" ಎಂಬ ತಾನಾಗಿ ಬರುವ ಮೆಸೇಜ್ ಬಿಟ್ಟರೆ ಏನೂ ಇಲ್ಲ.

ಆಗಸ್ಟ್‌ನಲ್ಲಿ ಮಗಳಿಗೆ ಸೀಟು ಸಿಕ್ಕಿತು. ಫೀಸ್ ಕಟ್ಟಲು ಕೊಟ್ಟದ್ದು ಕೆಲವೇ ದಿನ. ಬೀರುವಿನಿಂದ ಅಮ್ಮ ಕೊಟ್ಟ ಅವಲಕ್ಕಿ ಸರ, ನಾಲ್ಕು ಬಳೆ ತೆಗೆದು ಅಡವಿಟ್ಟು ₹1,20,000 ತಂದೆವು. ಸರದ ಕೊಂಡಿಯ ಹತ್ತಿರ ಒಂದು ಕಾಳು ಚಪ್ಪಟೆಯಾಗಿದೆ. ಮಗಳು ಮಗುವಾಗಿದ್ದಾಗ ಕಚ್ಚಿದ್ದು. ತೂಕ ಹಾಕುವವರು ಅದನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಹೊರಗೆ ಬಂದು, "ಅಮ್ಮ, ನನ್ನಿಂದ ಇಷ್ಟೆಲ್ಲ" ಎಂದಳು. ನಿನ್ನಿಂದಲ್ಲ ಕಂದಾ ಎಂದು ಎಷ್ಟು ಹೇಳಿದರೂ ಅವಳ ಮುಖ ಅರಳಲಿಲ್ಲ.

ಆಗಸ್ಟ್ 20ಕ್ಕೆ ಮೂವತ್ತು ದಿನ ಮುಗಿಯಿತು. ಮರುದಿನವೇ, ಬ್ಯಾಂಕು, ಹಣಕಾಸು ಕಂಪನಿಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಹಾಕಿದೆ. ಇದಕ್ಕೂ ದುಡ್ಡಿಲ್ಲ, ವಕೀಲರು ಬೇಡ. 14448 ನಂಬರಿಗೆ ಫೋನ್ ಮಾಡಿದರೆ ಹೇಗೆ ಹಾಕಬೇಕು ಎಂದು ಹೇಳುತ್ತಾರೆ. ಆದರೆ ಒಂದು ಷರತ್ತು. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು, ಮೂವತ್ತು ದಿನ ಕಾದಿರಬೇಕು, ಇಲ್ಲವೇ ಅವರ ಉತ್ತರ ತೃಪ್ತಿ ಕೊಟ್ಟಿರಬಾರದು. ಆ ದಾಖಲೆ ಇಲ್ಲದೆ ಹಾಕಿದರೆ ವಾಪಸ್ ಬರುತ್ತದೆ. ಬರೀ ಫೋನ್ ಮಾಡಿದವರಿಗೆ ತೋರಿಸಲು ಏನೂ ಇರುವುದಿಲ್ಲ. ಸ್ಪೀಡ್ ಪೋಸ್ಟ್ ರಸೀದಿ ಜೋಪಾನ ಮಾಡಿ ಎಂದು ನಾನು ಹೇಳುವುದು ಅದಕ್ಕೇ. ಕ್ರೆಡಿಟ್ ಮಾಹಿತಿ ಕಂಪನಿಗಳ ಮೇಲೂ ಇಲ್ಲಿ ದೂರು ಕೊಡಬಹುದು. 2022ರ ಸೆಪ್ಟೆಂಬರ್‌ನಿಂದ ಅವೂ ಈ ವ್ಯವಸ್ಥೆಯೊಳಗೆ ಬಂದಿವೆ.

ಫೈಲ್ ಅಪ್‌ಲೋಡ್ ಮಾಡುವಾಗ ಎರಡು ಸಲ ಪುಟ ಸ್ಥಗಿತವಾಯಿತು. ಎಲ್ಲ ದಾಖಲೆಯನ್ನು ಒಂದೇ ಪಿಡಿಎಫ್ ಮಾಡಿ, ಮೇಲೆ ಒಂದು ಪುಟದ ತಾರೀಖಿನ ಪಟ್ಟಿ ಇಟ್ಟು ಹಾಕಿದ ಮೇಲೆ ಹೋಯಿತು.

ಸೆಪ್ಟೆಂಬರ್ ಎರಡನೇ ವಾರ ಕಂಪನಿಯ ದನಿ ಬದಲಾಯಿತು. ಈ ಸಲ ಅವರೇ ಫೋನ್ ಮಾಡಿದರು, ನನ್ನ ನಂಬರಿಗೆ. ನಾನು ಕೇಳಿದ್ದ ದಾಖಲೆಗಳೂ ಇಮೇಲ್‌ನಲ್ಲಿ ಬಂದವು. ತೆರೆಯುವಾಗ ಕೈ ನಡುಗಿತು. ಒಂದು ಪ್ಯಾನ್ ಕಾರ್ಡಿನ ಚಿತ್ರ. ನನ್ನ ಹೆಸರು. ಅಪ್ಪನ ಹೆಸರು. ನಾನು ಹುಟ್ಟಿದ ದಿನ. ನನ್ನ ನಂಬರ್. ಫೋಟೋ ಮಾತ್ರ ಬೇರೆ ಹೆಂಗಸಿನದ್ದು. ಮೂವತ್ತರ ಒಳಗಿನ ವಯಸ್ಸು, ಹಣೆಗೆ ಸಣ್ಣ ಬೊಟ್ಟು. ಸಾಲಕ್ಕೆ ತೆಗೆದ ಸೆಲ್ಫಿಯೂ ಅವಳದ್ದೇ. ಕಾರ್ಡಿನ ಪ್ರಕಾರ ನನಗೆ 47 ವರ್ಷ. ಆ ಎರಡನ್ನೂ ಪಕ್ಕದಲ್ಲಿಟ್ಟು ಯಾರಾದರೂ ಒಂದು ಕ್ಷಣ ನೋಡಿದ್ದರೆ ಸಾಕಿತ್ತು. ದುಡ್ಡು ಹೋದ ಖಾತೆಯ ಹೆಸರೂ ನನ್ನದಲ್ಲ. ನಮ್ಮನೆಯವರು ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ ಕಾಫಿ ಮಾಡಿ ತಂದು ನನ್ನ ಮುಂದಿಟ್ಟರು. ಆವತ್ತಿನ ಆ ಪ್ರಶ್ನೆಗೆ ಅವರು ಕೇಳಿದ ಕ್ಷಮೆ ಅದು ಎಂದು ನಾನು ಅಂದುಕೊಂಡೆ.

ಸೆಪ್ಟೆಂಬರ್ 30ರಂದು, ಆಯುಧಪೂಜೆಯ ಹಿಂದಿನ ದಿನ, ಮೊದಲ ವರದಿಯಿಂದ ಸಾಲ ಅಳಿಸಿತು. ಎರಡನೆಯದರಲ್ಲಿ ಅಕ್ಟೋಬರ್ ಮಧ್ಯದವರೆಗೂ ಎಳೆಯಿತು.

ಈಗ ದಿನಕ್ಕೆ ನೂರು ರೂಪಾಯಿ ಪರಿಹಾರದ ವಿಷಯ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಬ್ಯಾಂಕಿನವರೂ ಹೇಳುವುದಿಲ್ಲ. ಕ್ರೆಡಿಟ್ ವರದಿಯ ದೂರನ್ನು ಮೂವತ್ತು ದಿನದಲ್ಲಿ ಬಗೆಹರಿಸದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ ₹100 ಪರಿಹಾರ ಕೊಡಬೇಕು. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 26ರಂದು ಈ ಆದೇಶ ಮಾಡಿತು, ಆರು ತಿಂಗಳ ನಂತರ ಜಾರಿಗೆ ಬಂತು. ಸಾಲ ಕೊಟ್ಟವರು ತಿದ್ದಿದ ಮಾಹಿತಿಯನ್ನು 21 ದಿನದೊಳಗೆ ಕಳಿಸಬೇಕು. ಅವರು ತಡ ಮಾಡಿದರೆ ಅವರು ಕೊಡಬೇಕು. ಅವರು ಸಮಯಕ್ಕೆ ಕಳಿಸಿಯೂ ಕ್ರೆಡಿಟ್ ಮಾಹಿತಿ ಕಂಪನಿ ತಡ ಮಾಡಿದರೆ ಅದು ಕೊಡಬೇಕು. ದೂರು ಬಗೆಹರಿದ ಐದು ಕೆಲಸದ ದಿನದಲ್ಲಿ ದುಡ್ಡು ಖಾತೆಗೆ ಬರಬೇಕು. ನನ್ನ ಲೆಕ್ಕ: ಜುಲೈ 21ರಿಂದ ಮೂವತ್ತು ದಿನ ಅಂದರೆ ಆಗಸ್ಟ್ 20. ಅಲ್ಲಿಂದ ಸೆಪ್ಟೆಂಬರ್ 30ಕ್ಕೆ 41 ದಿನ. ₹4,100. ತಾನಾಗಿ ಬರಲಿಲ್ಲ. ಎರಡು ನೆನಪಿನ ಇಮೇಲ್, ಆದೇಶದ ತಾರೀಖಿನ ಸಮೇತ. ಅಕ್ಟೋಬರ್ 17ಕ್ಕೆ ಬಂತು. ದೂರು ಕೊಡುವಾಗಲೇ ನಿಮ್ಮ ಬ್ಯಾಂಕ್ ಖಾತೆ ವಿವರ ಬರೆದುಬಿಡಿ.

ನವೆಂಬರ್ ಮೊದಲ ವಾರ ಶಿಕ್ಷಣ ಸಾಲ ಮಂಜೂರಾಯಿತು. ಒಡವೆ ಬಿಡಿಸಿಕೊಂಡಾಗ ಬಡ್ಡಿ ₹3,000 ದಾಟಿತ್ತು. ಅಫಿಡವಿಟ್, ಜೆರಾಕ್ಸ್, ಪೋಸ್ಟ್, ಬಸ್ ಚಾರ್ಜು, ಆ ಪ್ಯಾಕಿನ ದುಡ್ಡು ಸೇರಿ ಇನ್ನೂ ₹1,900. ಐದು ರಜೆ ಹೋದವು. ಒಟ್ಟಿನಲ್ಲಿ ಪರಿಹಾರಕ್ಕಿಂತ ಖರ್ಚೇ ಜಾಸ್ತಿ. ಆದರೂ ಆ ನಾಲ್ಕು ಸಾವಿರದ ನೂರು ರೂಪಾಯಿ ನನಗೆ ದೊಡ್ಡದು. ತಪ್ಪು ನಮ್ಮದು ಎಂದು ಅವರು ಬಾಯಲ್ಲಿ ಒಂದು ಸಲವೂ ಹೇಳಲಿಲ್ಲ. ಆ ದುಡ್ಡು ಹೇಳಿತು.

ಅದೇ ತಿಂಗಳು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ಬಂದವು. ಕಾಯ್ದೆ 2023ರದ್ದು, ನಿಯಮ ಬರಲು ಎರಡು ವರ್ಷ ಹಿಡಿಯಿತು. ನಾನು ಕೂತು ಓದಿದೆ. ನಮ್ಮ ಬಗ್ಗೆ ಏನಿದೆ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ, ಅಳಿಸಲು ಹೇಳುವ ಹಕ್ಕು ಅದರಲ್ಲಿದೆ. ಒಬ್ಬರ ಮೇಲೆ ಪರಿಣಾಮ ಆಗುವ ತೀರ್ಮಾನಕ್ಕೆ ಅವರ ಮಾಹಿತಿ ಬಳಸುವುದಾದರೆ ಅದು ಸರಿಯಾಗಿದೆ ಎಂದು ಕಂಪನಿಯೇ ಖಚಿತ ಮಾಡಿಕೊಳ್ಳಬೇಕು ಎಂದೂ ಇದೆ. ನನ್ನ ಪ್ರಕರಣಕ್ಕೇ ಬರೆದ ಹಾಗಿದೆ ಆ ಸಾಲು. ಆದರೆ ಈ ಮುಖ್ಯ ಭಾಗಗಳು ಜಾರಿಗೆ ಬರಲು ನಿಯಮ ಪ್ರಕಟವಾದ ದಿನದಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ದಂಡ ₹250 ಕೋಟಿವರೆಗೆ ಹಾಕಬಹುದು, ಅದು ಸರ್ಕಾರದ ಖಜಾನೆಗೆ ಹೋಗುತ್ತದೆ. ನೊಂದವರ ಕೈಗೆ ಬರುವುದಿಲ್ಲ. ಅದು ಸರಿಯಲ್ಲ ಎಂದು ನನಗೆ ಅನಿಸುತ್ತದೆ. ನನ್ನ ಒಡವೆಯ ಬಡ್ಡಿಯನ್ನು ಯಾವ ಖಜಾನೆಯೂ ಕಟ್ಟುವುದಿಲ್ಲ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ನಾನು ಮೇಲೆ ಹೇಳಿದ ಹಳೆಯ ಕಾಯ್ದೆ, ರಿಸರ್ವ್ ಬ್ಯಾಂಕಿನ ಆದೇಶಗಳೇ.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಹಾಕಿದಾಗ ಅವರಿಗೆ 86 ವರ್ಷ. ಸ್ಪೀಡ್ ಪೋಸ್ಟ್ ಸಾಲಿನಲ್ಲಿ ನಿಂತು ಸಾಕಾದ ದಿನಗಳಲ್ಲಿ ಅವರ ವಯಸ್ಸನ್ನು ನೆನೆಸಿಕೊಳ್ಳುತ್ತಿದ್ದೆ.

ನನ್ನ ಪ್ಯಾನ್ ವಿವರ ಎಲ್ಲಿಂದ ಹೋಯಿತು ಎಂದು ಗೊತ್ತಾಗಿಲ್ಲ. ಪೊಲೀಸ್ ಕೇಸು ನಡೆಯುತ್ತಿದೆ. ಈಗ ಯಾರಿಗೆ ಜೆರಾಕ್ಸ್ ಕೊಟ್ಟರೂ ಅದರ ಮೇಲೆ ಅಡ್ಡಲಾಗಿ, ಅಕ್ಷರಗಳು ಫೋಟೋ ಮೇಲೆ ಹಾಯುವಂತೆ, ಯಾರಿಗೆ, ಯಾಕೆ, ಯಾವ ದಿನ ಎಂದು ಬರೆದೇ ಕೊಡುತ್ತೇನೆ. ಆಧಾರ್ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ. ಅಂಗಡಿಯಲ್ಲಿ ಕೆಟ್ಟುಹೋದ ಪ್ರತಿಯನ್ನು ಬುಟ್ಟಿಗೆ ಹಾಕಲು ಬಿಡುವುದಿಲ್ಲ, ಇಸಿದುಕೊಂಡು ಬರುತ್ತೇನೆ.

ಹೊಸ ವರ್ಷಕ್ಕೆ ಪುಕ್ಕಟೆ ವರದಿ ಮತ್ತೆ ಸಿಗುತ್ತದೆ. ಜನವರಿ ಮೊದಲ ವಾರವೇ ನಾಲ್ಕೂ ತೆಗೆದೆ. ಸಾಲ ಎಲ್ಲೂ ಇಲ್ಲ. ಒಂದರಲ್ಲಿ ಮಾತ್ರ ಮೊದಲ ಪುಟದಲ್ಲಿ ಆ ಇನ್ನೊಂದು ಫೋನ್ ನಂಬರ್ ಹಾಗೇ ಉಳಿದಿದೆ. ಜನವರಿ 5ರಂದು ಮತ್ತೆ ದೂರು ಕೊಟ್ಟಿದ್ದೇನೆ. ಮೂವತ್ತು ದಿನ ಫೆಬ್ರವರಿ 4ಕ್ಕೆ ಮುಗಿಯುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.